ಮೂಲೆಯಲ್ಲಿ ನಿಂತ ಮೂರನೆಯವನು: ಹಾರ್ಡನ್–ಎಂಬೀಡ್ ಜೋಡಿಯ ಪ್ರಕರಣ ಅಧ್ಯಯನ

ಕಾಲೇಜು ಬಾಸ್ಕೆಟ್‌ಬಾಲ್ ಟೀಮ್ ಕಟ್ಟುವ ಹೊತ್ತಿಗೆ ಬೆಳಗಾವಿ ಕಡೆ ಒಂದು ವಾದ ತಪ್ಪದೆ ಎದ್ದೇಳುತ್ತದೆ. ಚೆಂಡು ಕೈಗೆ ಸಿಕ್ಕರೆ ಬಿಡದ ಚುರುಕು ಗಾರ್ಡ್ ಒಬ್ಬ, ಆರೂಕಾಲು ಅಡಿ ದಾಟಿದ ಸೆಂಟರ್ ಒಬ್ಬ. ಇಬ್ಬರೂ ಬಲ್ಲವರು, ಇಬ್ಬರಿಗೂ ಚೆಂಡು ಬೇಕು. ಗ್ರೌಂಡಿನ ಅಂಚಿಗೆ ನಿಂತವರು ಆಟ ಶುರುವಾಗುವ ಮೊದಲೇ ತೀರ್ಪು ಹೇಳಿಬಿಟ್ಟಿರುತ್ತಾರೆ: "ಎತ್ತು ಏರಿಗೆಳೀತದ, ಕೋಣ ನೀರಿಗೆಳೀತದ. ಇಬ್ಬರನ್ನೂ ಕೂಡಿ ಆಡಸಬ್ಯಾಡ್ರಿ ಸರ್."

ಇದೇ ಪ್ರಶ್ನೆಗೆ ಇತ್ತೀಚೆಗೆ ನಡೆದ ದುಬಾರಿ ಪರೀಕ್ಷೆ ಎಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ್ದು. ಗಾರ್ಡ್ ಜೇಮ್ಸ್ ಹಾರ್ಡನ್, ಸೆಂಟರ್ ಜೋಯೆಲ್ ಎಂಬೀಡ್. ಕಾಲ 2022ರ ಫೆಬ್ರವರಿಯಿಂದ 2023ರ ಮೇ. ಒಟ್ಟಿಗೆ ಆಡಿದ ಎರಡೂ ಪ್ಲೇಆಫ್‌ಗಳಲ್ಲಿ (ಪ್ರತಿ ಸುತ್ತಿನಲ್ಲಿ ಒಂದೇ ಎದುರಾಳಿಯ ಮೇಲೆ ಮೊದಲು ನಾಲ್ಕು ಪಂದ್ಯ ಗೆದ್ದವರು ಮುಂದಕ್ಕೆ) ಎರಡನೇ ಸುತ್ತಿನಲ್ಲೇ ಮನೆಗೆ ಹೋದರು. ಹಾಗಾಗಿ "ಹೊಂದಲಿಲ್ಲ" ಎಂಬ ಒಂದೇ ಪದದ ಷರಾ ಬರೆದು ಫೈಲು ಮುಚ್ಚಿದವರೇ ಹೆಚ್ಚು. ಈ ಬರಹದ ನಿಲುವು ಬೇರೆ. ಇಬ್ಬರ ಆಟ ಚೆನ್ನಾಗಿಯೇ ಹೊಂದಿತ್ತು. ಎದುರಾಳಿ ಕೊನೆಗೆ ಬಿರುಕು ಹುಡುಕಿದ್ದು ಇಬ್ಬರ ನಡುವೆ ಅಲ್ಲ, ಮೂಲೆಯಲ್ಲಿ ಸುಮ್ಮನೆ ನಿಂತಿದ್ದ ಮೂರನೆಯವನ ಹತ್ತಿರ. ನಮ್ಮ ಸಿಮೆಂಟ್ ಗ್ರೌಂಡುಗಳಲ್ಲೂ ಬಿರುಕು ಬಿಡುವುದು ಅಲ್ಲೇ, ಇನ್ನೂ ಬೇಗ.

ಜೋಡಿ ಕೂಡಿದ ಬಗೆ

ಎಂಬೀಡ್ ಕ್ಯಾಮರೂನಿನ ಯಾವುಂಡೆಯಲ್ಲಿ ಹುಟ್ಟಿದವನು. ಏಳು ಅಡಿ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, ಮೂರನೆಯವನಾಗಿ ಫಿಲಡೆಲ್ಫಿಯಾಕ್ಕೆ ಬಂದ. ಅವನ ಜತೆಗಿದ್ದ ಗಾರ್ಡ್ ಬೆನ್ ಸಿಮನ್ಸ್ ಒಳ್ಳೆಯ ಪಾಸರ್, ಒಳ್ಳೆಯ ಡಿಫೆಂಡರ್, ಆದರೆ ಹೊರಗಿನಿಂದ ಶೂಟ್ ಮಾಡುತ್ತಲೇ ಇರಲಿಲ್ಲ. ಸಿಮನ್ಸ್‌ನನ್ನು ಕಾಯಬೇಕಾದವನು ಅವನನ್ನು ಬಿಟ್ಟು ಎಂಬೀಡ್‌ನ ಮಡಿಲಿಗೇ ಬಂದು ನಿಲ್ಲುತ್ತಿದ್ದ. 2021ರಲ್ಲಿ ಅಟ್ಲಾಂಟಾ ವಿರುದ್ಧದ ಏಳನೇ ಪಂದ್ಯದ ಕೊನೆಗೆ ಸಿಮನ್ಸ್ ರಿಂಗ್ ಕೆಳಗೇ ಚೆಂಡು ಹಿಡಿದಿದ್ದರೂ ಹಾಕದೆ ಪಾಸ್ ಕೊಟ್ಟ. ಆಮೇಲೆ ಆ ತಂಡಕ್ಕೆ ಅವನು ಒಂದು ಪಂದ್ಯವನ್ನೂ ಆಡಲಿಲ್ಲ.

2022ರ ಫೆಬ್ರವರಿ 10ರಂದು ಸಿಮನ್ಸ್, ಸೆತ್ ಕರಿ, ಆಂಡ್ರೆ ಡ್ರಮಂಡ್ ಮತ್ತು ಮೊದಲ ಸುತ್ತಿನ ಎರಡು ಡ್ರಾಫ್ಟ್ ಹಕ್ಕುಗಳನ್ನು ಬ್ರೂಕ್ಲಿನ್‌ಗೆ ಕೊಟ್ಟು ಹಾರ್ಡನ್‌ನನ್ನು ತಂದರು. ಹಾರ್ಡನ್ 2018ರ ಎಂವಿಪಿ, ಅಂದರೆ ಲೀಗಿನ ವರ್ಷದ ಅತ್ಯುತ್ತಮ ಆಟಗಾರ. ಹ್ಯೂಸ್ಟನ್‌ನಲ್ಲಿ ಸತತ ಮೂರು ವರ್ಷ ಅಂಕ ಗಳಿಕೆಯಲ್ಲಿ ಲೀಗಿಗೇ ಮೊದಲಿಗ. 2018–19ರಲ್ಲಿ ಪಂದ್ಯಕ್ಕೆ 36.1. ಎಲ್ಲರನ್ನೂ ಬದಿಗೆ ಸರಿಸಿ ಒಬ್ಬನೇ ಒಬ್ಬನ ಮೇಲೆ ಆಡುವುದು ಅವನ ಹಳೆಯ ಕಸುಬು. ಅಂಥವನು ಅದೇ ಹೊತ್ತಿಗೆ ಪಂದ್ಯಕ್ಕೆ 30 ದಾಟಿಸುತ್ತಿದ್ದ ಸೆಂಟರ್ ಜತೆ ಹೇಗೆ ಬಾಳುತ್ತಾನೆ ಎಂಬ ಅನುಮಾನ ಸಹಜವೇ.

ಮುಂದಿನ ಬೇಸಿಗೆಯಲ್ಲಿ ಹಾರ್ಡನ್ ಸುಮಾರು 4.7 ಕೋಟಿ ಡಾಲರಿನ ಒಪ್ಪಂದದ ವರ್ಷವನ್ನು ಬಿಟ್ಟು ಸುಮಾರು 3.3 ಕೋಟಿಗೆ ಸಹಿ ಹಾಕಿದ. ತಂಡದ ಸಂಬಳದ ಮಿತಿಯಲ್ಲಿ ಹಾಗೆ ಉಳಿದ ಜಾಗದಲ್ಲೇ ಫಾರ್ವರ್ಡ್ ಪಿ.ಜೆ. ಟಕರ್ ಬಂದ. ಈ ಹೆಸರು ನೆನಪಿನಲ್ಲಿರಲಿ.

ಮೊಳೆಯ ಮೇಲೆ

ಈ ಜೋಡಿ ಹೊಂದಿದ್ದು ಹೇಗೆ ಎಂದು ತಿಳಿಯಲು ಅಂಗಳದ ಒಂದೇ ಒಂದು ಬಿಂದು ಸಾಕು: ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯುವ ಫ್ರೀ ಥ್ರೋ ಗೆರೆಯ ನಟ್ಟನಡು. ಮರದ ನೆಲದ ಮೇಲೆ ಗೆರೆ ಎಳೆಯುವಾಗ ಅಲ್ಲೊಂದು ಮೊಳೆ ಹೊಡೆಯುತ್ತಿದ್ದರು ಎಂದು ಕೋಚ್‌ಗಳು ಅದನ್ನು "ನೇಲ್" ಎನ್ನುತ್ತಾರೆ. ನಾವೂ ಮೊಳೆ ಎಂದೇ ಕರೆಯೋಣ. ರಿಂಗಿನ ನಡುವಿಗೆ ನೇರ ಕೆಳಗಿನ ಬಿಂದುವಿನಿಂದ ಅಲ್ಲಿಗೆ ಸುಮಾರು 4.2 ಮೀಟರ್.

ನಮ್ಮಲ್ಲಿ ಎತ್ತರದ ಹುಡುಗ ಸಿಕ್ಕರೆ ಮೊದಲು ಮಾಡುವ ಕೆಲಸ ಅವನನ್ನು ರಿಂಗಿಗೆ ಬೆನ್ನು ಮಾಡಿಸಿ ಕೆಳಗೆ ನಿಲ್ಲಿಸುವುದು. ಕುಸ್ತಿಯ ನಾಡು, ಬೆನ್ನಿನಿಂದ ಒತ್ತಿ ಜಾಗ ಹಿಡಿಯುವುದು ನಮಗೆ ರಕ್ತದಲ್ಲೇ ಇದೆ. ಆದರೆ ಅಲ್ಲಿ ಚೆಂಡು ಹಿಡಿದ ಸೆಂಟರ್‌ಗೆ ಅರ್ಧ ಅಂಗಳ ಕಾಣುವುದಿಲ್ಲ. ಎಂಡ್ ಲೈನ್ ಕಡೆಯಿಂದ ಎರಡನೇ ಡಿಫೆಂಡರ್ ಬಂದರೆ ಅವನು ಬಂದ ಮೇಲೆಯೇ ಗೊತ್ತಾಗುವುದು. ಅದಕ್ಕೂ ಮೊದಲು ಒಳಗೆ ಪಾಸ್ ಹಾಕಲು ಗಾರ್ಡ್ ಐದಾರು ಸೆಕೆಂಡು ಕಳೆದಿರುತ್ತಾನೆ. ಪಾಸ್ ಹೋದಮೇಲೆ ಅವನು ಬರೀ ಪ್ರೇಕ್ಷಕ. ಎತ್ತು–ಕೋಣದ ಗಾದೆ ನಿಜವಾಗುವುದು ಈ ಆಟದಲ್ಲಿ.

2022–23ರಲ್ಲಿ ಎಂಬೀಡ್ ಹೆಚ್ಚುಹೆಚ್ಚಾಗಿ ಚೆಂಡು ಹಿಡಿದದ್ದು ಮೊಳೆಯ ಆಸುಪಾಸು, ರಿಂಗಿಗೆ ಮುಖ ಮಾಡಿ. ಅಲ್ಲಿ ಯಾರು ಎಲ್ಲಿಂದ ಬಂದರೂ ಕಾಣುತ್ತದೆ. ಎಡಕ್ಕಿಬ್ಬರು ಬಲಕ್ಕಿಬ್ಬರು ಸಂಗಾತಿಗಳು ಬಹುಮಟ್ಟಿಗೆ ಒಂದೇ ದೂರದಲ್ಲಿರುತ್ತಾರೆ. ಯಾರ ಕಾವಲುಗಾರ ಕದಲುತ್ತಾನೋ ಅವನಿಗೆ ಒಂದು ನೇರ ಪಾಸ್ ಸಾಕು.

ಚೆಂಡು ಅಲ್ಲಿಗೆ ತಲುಪುತ್ತಿದ್ದ ದಾರಿಯನ್ನು ನಿಧಾನಿಸಿ ನೋಡಬೇಕು. ಎಂಬೀಡ್ ಮೇಲಕ್ಕೆ ಬಂದು ತ್ರೀ ಪಾಯಿಂಟ್ ಗೆರೆಯ (ಅದರಾಚೆಯಿಂದ ಹಾಕಿದರೆ ಮೂರು ಅಂಕ, ಚುಟುಕಾಗಿ ತ್ರೀ) ಹೊರಗೆ ಸ್ಕ್ರೀನ್ ಹಾಕುತ್ತಾನೆ, ಅಂದರೆ ಹಾರ್ಡನ್‌ನ ಡಿಫೆಂಡರ್‌ಗೆ ಅಡ್ಡಗೋಡೆಯಾಗಿ ನಿಲ್ಲುತ್ತಾನೆ. ಹಾರ್ಡನ್ ಎಡಗೈಯವನು. ತನ್ನ ಡಿಫೆಂಡರ್‌ನನ್ನು ಓಡಿಸಿಕೊಂಡು ಬರದೆ ನಡೆಸಿಕೊಂಡು ಬಂದು ಸ್ಕ್ರೀನಿಗೆ ಒರೆಸುತ್ತಾನೆ. ಅವನ ಭುಜ ಎಂಬೀಡ್‌ನ ಸೊಂಟಕ್ಕೆ ತಾಗುವಷ್ಟು ಹತ್ತಿರ. ನಡುವೆ ಒಂದು ಗೇಣು ಸಂದಿ ಉಳಿದರೂ ಡಿಫೆಂಡರ್ ನುಸುಳುತ್ತಾನೆ. ದಾಟಿದ ಮೇಲೆ ಓಡುವುದಿಲ್ಲ, ಎರಡು ಡ್ರಿಬಲ್ ಆದಮೇಲೆ ವೇಗ ತಗ್ಗಿಸುತ್ತಾನೆ. ಹಿಂದಿನಿಂದ ಬಂದ ಡಿಫೆಂಡರ್ ಈಗ ಅವನ ಬೆನ್ನಿಗೆ ಅಂಟಿಕೊಂಡಿದ್ದಾನೆ, ಮುಂದೆ ಎದುರಾಳಿ ಸೆಂಟರ್ ಹಿಂದೆ ಸರಿಯುತ್ತಿದ್ದಾನೆ. ಈ ಇಬ್ಬರ ನಡುವೆ ಒಂದು ಜೇಬು ತೆರೆಯುತ್ತದೆ. ಎಂಬೀಡ್ ರಿಂಗ್‌ವರೆಗೆ ಉರುಳಿ ಹೋಗದೆ ಎರಡು ಮೂರು ಹೆಜ್ಜೆಗೆ ಮೊಳೆಯ ಮೇಲೆ ನಿಂತುಬಿಡುತ್ತಾನೆ. ನೆಲಕ್ಕೆ ಒಮ್ಮೆ ಬಡಿದ ಪಾಸ್ ಆ ಜೇಬಿನಿಂದ ಹಾದು ಅವನ ಸೊಂಟದ ಮಟ್ಟಕ್ಕೆ ಬರುತ್ತದೆ.

ಎದುರಾಳಿಗೆ ಇರುವ ದಾರಿಗಳು ನಾಲ್ಕೇ. ಸೆಂಟರ್ ಹಿಂದೆ ಸರಿದು ಕಾದರೆ ಎಂಬೀಡ್‌ಗೆ ಮೊಳೆಯಿಂದ ತೆರೆದ ಶೂಟ್. ಇಬ್ಬರೂ ಹಾರ್ಡನ್ ಮೇಲೆ ಬಿದ್ದರೆ ಎಂಬೀಡ್ ಕೈಯಲ್ಲಿ ಚೆಂಡು, ಮುಂದೆ ನಾಲ್ವರಿಗೆ ಮೂವರು. ಬದಲಾಯಿಸಿಕೊಂಡರೆ, ಅಂದರೆ ಸ್ವಿಚ್ ಮಾಡಿದರೆ, ಎಂಬೀಡ್ ಮೇಲೆ ಗಿಡ್ಡ ಗಾರ್ಡ್, ಹಾರ್ಡನ್ ಮುಂದೆ ಕಾಲು ಭಾರದ ಸೆಂಟರ್. ಸ್ಕ್ರೀನಿನ ಕೆಳಗಿನಿಂದ ಸುತ್ತಿ ಬಂದರೆ ಹಾರ್ಡನ್ ಅಲ್ಲಿಂದಲೇ ತ್ರೀ ಎಸೆಯುತ್ತಾನೆ; ಆ ಸೀಸನ್ ಅವನ ತ್ರೀ ಗುರಿ ಶೇ. 38.5. ಒಬ್ಬ ಶೂಟ್ ಮಾಡಬಲ್ಲ ಗಾರ್ಡ್, ಒಬ್ಬ ಶೂಟ್ ಮಾಡಬಲ್ಲ ಸೆಂಟರ್ ಇದ್ದರೆ ನಾಲ್ಕೂ ದಾರಿ ಕೆಟ್ಟವೇ. ಒಂದೇ ಚೆಂಡಿಗೆ ಇಬ್ಬರು ಎಂಬ ದೂರು ಇಲ್ಲಿ ಬಿದ್ದುಹೋಗುತ್ತದೆ, ಯಾಕೆಂದರೆ ಒಂದೇ ಪೊಸೆಷನ್‌ನಲ್ಲಿ, ಅಂದರೆ ಚೆಂಡು ತಂಡದ ಕೈಲಿರುವ ಒಂದೇ ಸರದಿಯಲ್ಲಿ, ಇಬ್ಬರ ಕೈಗೂ ಚೆಂಡು ಬರುತ್ತದೆ.

ಅಂಕಿಗಳೂ ಇದನ್ನೇ ಹೇಳುತ್ತವೆ. ಎಂಬೀಡ್ 66 ಪಂದ್ಯಗಳಲ್ಲಿ ಸರಾಸರಿ 33.1 ಅಂಕ ಗಳಿಸಿ ಲೀಗಿನ ಅಗ್ರ ಸ್ಕೋರರ್ ಆದ, ಎಂವಿಪಿಯೂ ಆದ. ಹಾರ್ಡನ್ 58 ಪಂದ್ಯಗಳಲ್ಲಿ ಸರಾಸರಿ 10.7 ಅಸಿಸ್ಟ್, ಅಂದರೆ ಅಂಕವಾಗುವ ಪಾಸ್, ಕೊಟ್ಟು ಅದರಲ್ಲಿ ಲೀಗಿಗೇ ಮೊದಲಿಗ. ಒಂದೇ ತಂಡದಲ್ಲಿ ಅಂಕಕ್ಕೂ ಅಸಿಸ್ಟಿಗೂ ಲೀಗಿನ ಮೊದಲ ಸ್ಥಾನ! ಹಾರ್ಡನ್ ತನ್ನ ಅಂಕವನ್ನು 21.0ಕ್ಕೆ ಇಳಿಸಿಕೊಂಡಿದ್ದ. ತಂಡ 54 ಗೆದ್ದು 28 ಸೋತಿತು. ಎಂಬೀಡ್ ಪಂದ್ಯಕ್ಕೆ 11.7 ಫ್ರೀ ಥ್ರೋ ಎಸೆದು ಶೇ. 85.7 ಹಾಕಿದ, ಅಂದರೆ ಎರಡು ಫ್ರೀ ಥ್ರೋ ಸಿಕ್ಕ ಪ್ರತಿ ಸಲ ಸುಮಾರು 1.7 ಅಂಕ. ಹೀಗಿರುವಾಗ ಎದುರಾಳಿ ಕೋಚ್‌ಗೆ ಅವನು ಶೂಟ್ ಮಾಡುವುದನ್ನು ತಡೆಯುವುದಕ್ಕಿಂತ ಮೊಳೆಯ ಮೇಲೆ ಚೆಂಡು ಹಿಡಿಯುವುದನ್ನೇ ತಡೆಯುವುದು ಮುಖ್ಯ. ಅದಕ್ಕೆ ಮೂರನೇ ಡಿಫೆಂಡರ್ ಬೇಕು. ಅವನನ್ನು ಎಲ್ಲಿಂದ ತರುವುದು?

ಬಾಸ್ಟನ್ ತಂದದ್ದು ಮೂಲೆಯಿಂದ

2023ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಬ್ರೂಕ್ಲಿನ್ ಮೇಲೆ 4–0. ಅಲ್ಲೇ ಮೂರನೇ ಪಂದ್ಯದಲ್ಲಿ ಎಂಬೀಡ್‌ನ ಮೊಣಕಾಲು ಉಳುಕಿತು. ಎರಡನೇ ಸುತ್ತು ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ. ಮೊದಲ ಪಂದ್ಯಕ್ಕೆ ಎಂಬೀಡ್ ಇಲ್ಲ. ಹಾರ್ಡನ್ ಒಬ್ಬನೇ 45 ಅಂಕ ಹಾಕಿ ಬಾಸ್ಟನ್ ನೆಲದಲ್ಲೇ 119–115ರಿಂದ ಗೆಲ್ಲಿಸಿದ. "ನೋಡ್ರಿ, ಸೆಂಟರ್ ಇಲ್ಲದಿದ್ರ ಗಾರ್ಡ್ ಹ್ಯಾಂಗ ಆಡ್ತಾನ" ಎನ್ನುವವರಿಗೆ ಇದೊಂದೇ ಪಂದ್ಯ ಸಾಕಾಯಿತು. ಎಂಬೀಡ್ ಮರಳಿದ ಎರಡನೇ ಪಂದ್ಯದಲ್ಲಿ ಹಾರ್ಡನ್ 14 ಶೂಟ್‌ಗೆ 2, ಮೂರನೆಯದರಲ್ಲಿ 14ಕ್ಕೆ 3. ಎರಡೂ ಸೋಲು.

ಆದರೆ ನಾಲ್ಕನೇ ಪಂದ್ಯ ಆ ವಾದವನ್ನು ಮಗುಚಿ ಹಾಕುತ್ತದೆ. ಹಾರ್ಡನ್ 42, ಎಂಬೀಡ್ 34. ಓವರ್‌ಟೈಮಿನ ಕೊನೆಯಲ್ಲಿ ಚೆಂಡು ಎಂಬೀಡ್ ಕೈಯಲ್ಲಿ, ಹಾರ್ಡನ್ ಮೂಲೆಯಲ್ಲಿ. ಹಾರ್ಡನ್‌ನನ್ನು ಕಾಯುತ್ತಿದ್ದ ಜೇಲನ್ ಬ್ರೌನ್ ತನ್ನ ಮನುಷ್ಯನನ್ನು ಬಿಟ್ಟು ಎಂಬೀಡ್ ಕಡೆ ಹೊರಳಿದ. ಎಂಬೀಡ್ ಮೂಲೆಗೆ ಪಾಸ್ ಕೊಟ್ಟ; ಹಾರ್ಡನ್ ತ್ರೀ ಹಾಕಿದ; 116–115. ಈ ಇಡೀ ಪ್ರಕರಣದ ಗುಟ್ಟು ಈ ಒಂದು ಪೊಸೆಷನ್‌ನಲ್ಲಿದೆ. ಸಹಾಯಕ್ಕೆ ಹೋದವನು ಬಿಟ್ಟದ್ದು ಶೂಟರ್‌ನನ್ನು, ಅದಕ್ಕೇ ದಂಡ ಬಿತ್ತು. ಅದೇ ಮೂಲೆಯಲ್ಲಿ ಟಕರ್ ನಿಂತಿದ್ದರೆ?

ಐದನೇ ಪಂದ್ಯ ಬಾಸ್ಟನ್‌ನಲ್ಲಿ ಗೆದ್ದು ಫಿಲಡೆಲ್ಫಿಯಾ 3–2ರ ಮುನ್ನಡೆ ಪಡೆಯಿತು. ಆಗ ಬಾಸ್ಟನ್ ಕೋಚ್ ಜೋ ಮಝುಲ್ಲಾ ಒಂದೇ ಬದಲಾವಣೆ ಮಾಡಿದ. ಗಾರ್ಡ್ ಡೆರಿಕ್ ವೈಟ್‌ನನ್ನು ಮೊದಲ ಐವರಿಂದ ತೆಗೆದು ಎರಡನೇ ಎತ್ತರದಾಳು ರಾಬರ್ಟ್ ವಿಲಿಯಮ್ಸ್‌ನನ್ನು ಇಳಿಸಿದ. ಎಂಬೀಡ್ ಮೇಲೆ ಅಲ್ ಹಾರ್ಫರ್ಡ್. ವಿಲಿಯಮ್ಸ್‌ಗೆ ಹೆಸರಿಗೆ ಟಕರ್‌ನ ಕಾವಲು.

ಹೆಸರಿಗೆ ಮಾತ್ರ. ಟಕರ್ ಆ ಸೀಸನ್ ಪಂದ್ಯಕ್ಕೆ 25 ನಿಮಿಷ ಆಡಿ 3.5 ಅಂಕ ಗಳಿಸಿದವನು. ಮೂಲೆಯಿಂದ ಗುರಿ ಕೆಟ್ಟದ್ದೇನಲ್ಲ, ತ್ರೀಯಲ್ಲಿ ಶೇ. 39ರ ಆಸುಪಾಸು, ಎಸೆಯುತ್ತಿದ್ದದ್ದೇ ಅಪರೂಪ. ಇಂಥವನ ಶೇಕಡಾವಾರು ನೋಡಿ "ಶೂಟರ್ ಇದ್ದಾನಲ್ಲ" ಎಂದುಕೊಳ್ಳುವುದು ಕೋಚ್‌ಗಳು ಮಾಡುವ ಮಾಮೂಲಿ ತಪ್ಪು. ಎದುರಾಳಿ ಹೆದರುವುದು ಎಸೆಯುವವನಿಗೆ, ಎಸೆದರೆ ಹಾಕಬಲ್ಲವನಿಗೆ ಅಲ್ಲ. ಹಾಕಿದರೆ ಒಂದೆರಡು ಹಾಕಲಿ ಎಂಬುದು ಬಾಸ್ಟನ್ ಲೆಕ್ಕ. ವಿಲಿಯಮ್ಸ್ ಮೂಲೆ ಬಿಟ್ಟು ರಿಂಗಿನ ಹತ್ತಿರ ಸುಳಿದಾಡತೊಡಗಿದ. ಹಾರ್ಡನ್ ಸ್ಕ್ರೀನ್ ದಾಟಿ ಬಂದರೆ ಲೇಅಪ್ಪಿಗೆ ಜಾಗವಿಲ್ಲ, ಎಂಬೀಡ್ ಮೊಳೆಯಿಂದ ಒಂದು ಡ್ರಿಬಲ್ ಹಾಕಿ ಹೋದರೂ ಎದುರಿಗೆ ಇನ್ನೊಬ್ಬ ಎತ್ತರದವನು.

ಆರನೇ ಪಂದ್ಯ, ಮೇ 11, ಫಿಲಡೆಲ್ಫಿಯಾದಲ್ಲೇ. ನಾಲ್ಕನೇ ಕ್ವಾರ್ಟರಿನಲ್ಲಿ ಅವರು ಸ್ವಲ್ಪ ಮುಂದಿದ್ದರು. ಅಲ್ಲಿಂದ ಬುಟ್ಟಿಯೇ ಬತ್ತಿತು, ಅದುವರೆಗೆ ಗುರಿ ಸಿಗದೆ ಒದ್ದಾಡಿದ್ದ ಜೇಸನ್ ಟೇಟಮ್ ಆ ಕ್ವಾರ್ಟರಿನಲ್ಲಿ ತ್ರೀ ಮೇಲೆ ತ್ರೀ ಹಾಕಿದ, 95–86. ಹಾರ್ಡನ್ 16ಕ್ಕೆ 4. ಕೊನೆಯ ನಾಲ್ಕು ನಿಮಿಷ ತನ್ನ ಕೈಗೆ ಚೆಂಡೇ ಬರಲಿಲ್ಲ ಎಂದು ಎಂಬೀಡ್ ಪಂದ್ಯ ಮುಗಿದ ಮೇಲೆ ಹೇಳಿಕೊಂಡ. ಪತ್ರಿಕೆಗಳು ಇದನ್ನು ಇಬ್ಬರ ಮನಸ್ತಾಪವಾಗಿ ಓದಿದವು. ಅಂಗಳದಲ್ಲಿ ಇದ್ದ ಕಾರಣ ಅಷ್ಟು ರೋಚಕವಲ್ಲ: ಮೊಳೆಗೆ ಹೋಗುವ ಪಾಸಿನ ದಾರಿಯಲ್ಲಿ ಈಗ ಮೂರನೆಯವನ ಕೈ ಇತ್ತು.

ಏಳನೇ ಪಂದ್ಯ ಮೇ 14, ಬಾಸ್ಟನ್. ಅರ್ಧಕ್ಕೆ 55–52. ಮೂರನೇ ಕ್ವಾರ್ಟರ್ 33–10. ಕೊನೆಗೆ 112–88. ಟೇಟಮ್ 51, ಎಂಬೀಡ್ 18ಕ್ಕೆ 5 ಹಾಕಿ 15, ಹಾರ್ಡನ್ 11ಕ್ಕೆ 3 ಹಾಕಿ 9. ಫಿಲಡೆಲ್ಫಿಯಾ ಕೋಚ್ ಡಾಕ್ ರಿವರ್ಸ್ ಮೊದಲ ಐವರನ್ನು ಬದಲಿಸಿರಲಿಲ್ಲ. ಎರಡು ದಿನಕ್ಕೆ ಅವನನ್ನೇ ಬದಲಿಸಿದರು.

ಮೂಲೆಯೊಂದೇ ಕಾರಣ ಎಂದರೆ ಅರ್ಧ ಸುಳ್ಳು. ಎಂಬೀಡ್ ಉಳುಕಿದ ಮೊಣಕಾಲಿನ ಮೇಲೆ ಆಡುತ್ತಿದ್ದ. ಮೂವತ್ತಮೂರರ ಹಾರ್ಡನ್‌ಗೆ ಹ್ಯೂಸ್ಟನ್‌ನ ಕಾಲು ಉಳಿದಿರಲಿಲ್ಲ. ಡಿಫೆಂಡರ್‌ನನ್ನು ದಾಟುತ್ತಿದ್ದ, ರಿಂಗ್ ಹತ್ತಿರ ಮುಗಿಸಲಾಗುತ್ತಿರಲಿಲ್ಲ. ಗಾರ್ಡ್ ಮುಗಿಸಲಾರ ಎಂದು ಗೊತ್ತಾದ ಕೂಡಲೆ ಎದುರಾಳಿ ಸೆಂಟರ್ ಅವನ ಕಡೆ ತಿರುಗುವುದನ್ನೇ ಬಿಡುತ್ತಾನೆ, ಆಗ ಜೇಬು ಮುಚ್ಚುತ್ತದೆ. ಆದರೂ ಕಾಲಿನ ದೋಷ ಒಂದು ಸೀರೀಸ್ ನಡುವೆ ರಿಪೇರಿ ಆಗುವಂಥದಲ್ಲ. ಮೂಲೆಯದು ಆಗುವಂಥದು. ಅದಕ್ಕೇ ಈ ಬರಹ ಅಲ್ಲಿ ನಿಲ್ಲುತ್ತದೆ.

ಪಕ್ಕದಲ್ಲಿಟ್ಟು ನೋಡಲು ಅದೇ ವರ್ಷದ ಚಾಂಪಿಯನ್ ಡೆನ್ವರ್ ಇದೆ: ಗಾರ್ಡ್ ಜಮಾಲ್ ಮರ್ರೆ, ಸೆಂಟರ್ ನಿಕೋಲಾ ಯೋಕಿಚ್. ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಇಬ್ಬರೂ 30ಕ್ಕೂ ಹೆಚ್ಚು ಅಂಕದ ಟ್ರಿಪಲ್ ಡಬಲ್ (ಮೂರು ಲೆಕ್ಕಗಳಲ್ಲಿ ಎರಡಂಕಿ) ಮಾಡಿದರು. ಅಲ್ಲಿ ಚೆಂಡು ಹೆಚ್ಚಾಗಿ ಸೆಂಟರ್ ಕೈಯಲ್ಲಿ, ಗಾರ್ಡ್ ಅವನ ಸುತ್ತ ಓಡುತ್ತಾನೆ. ಚೆಂಡಿಲ್ಲದೆ ಓಡುವ ಗಾರ್ಡ್ ಹಾರ್ಡನ್ ಎಂದೂ ಆಗಿರಲಿಲ್ಲ. ಫಿಲಡೆಲ್ಫಿಯಾದಲ್ಲೂ 2023ರ ಅಕ್ಟೋಬರ್ ಕೊನೆಗೆ ಹಾರ್ಡನ್ ಕ್ಲಿಪ್ಪರ್ಸ್‌ಗೆ ಹೊರಟ ಮೇಲೆ ಓಡುವ ಗಾರ್ಡ್ ಟೈರೀಸ್ ಮ್ಯಾಕ್ಸಿ ಮುಂದೆ ಬಂದ. ಆ ಸೀಸನ್ ಅವನಿಗೆ ಪಂದ್ಯಕ್ಕೆ 25.9, ಎಂಬೀಡ್‌ಗೆ 34.7, ಆದರೆ ಮೊಣಕಾಲಿನ ಗಾಯದಿಂದ ಎಂಬೀಡ್ ಆಡಿದ್ದೇ 39 ಪಂದ್ಯ, ಹೋಲಿಕೆ ಅಲ್ಲಿಗೆ ಅರ್ಧವಾಯಿತು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಅಂಗಳಕ್ಕೆ ತಂದರೆ

ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದಿರಲಿ, ವಿಟಿಯು ವಲಯದ್ದಿರಲಿ, ನಮ್ಮ ಪಂದ್ಯಗಳು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದವು. ಮೊದಲು ತಿಳಿಯಬೇಕಾದ ವ್ಯತ್ಯಾಸ ಡಿಫೆನ್ಸಿನ ಮೂರು ಸೆಕೆಂಡ್. ಎನ್‌ಬಿಎಯಲ್ಲಿ 2001–02ರಿಂದ, ಯಾರನ್ನೂ ಕೈಯಳತೆಯಲ್ಲಿ ಕಾಯದ ಡಿಫೆಂಡರ್ ರಿಂಗ್ ಮುಂದಿನ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ವಿಲಿಯಮ್ಸ್ ಕೂಡ ಆ ಚೌಕದಿಂದ ಆಗಾಗ ಹೊರಗೆ ಕಾಲಿಟ್ಟು ಮತ್ತೆ ಒಳಗೆ ಬರುತ್ತ ಇರಬೇಕಿತ್ತು. ಫಿಬಾದಲ್ಲಿ ಆ ನಿಯಮವೇ ಇಲ್ಲ. ಎದುರಾಳಿಯ ಎತ್ತರದ ಹುಡುಗ ಬೇಕಾದರೆ ನಲವತ್ತು ನಿಮಿಷವೂ ರಿಂಗ್ ಕೆಳಗೇ ಬಿಡಾರ ಹೂಡಬಹುದು. ಮೂಲೆಯಲ್ಲಿ ಎಸೆಯದವನನ್ನು ನಿಲ್ಲಿಸಿದರೆ ಫಿಲಡೆಲ್ಫಿಯಾ ಆರನೇ ಪಂದ್ಯದಲ್ಲಿ ತೆತ್ತ ಬೆಲೆಯನ್ನು ನಾವು ಮೊದಲ ನಿಮಿಷದಿಂದಲೇ ತೆರುತ್ತೇವೆ.

ಎರಡನೆಯದು ಅಳತೆ. ಎನ್‌ಬಿಎ ತ್ರೀ ಗೆರೆ ಮೇಲ್ಭಾಗದಲ್ಲಿ 7.24 ಮೀಟರ್, ನಮ್ಮದು 6.75, ಮೂಲೆಯಲ್ಲಿ 6.70 ಎದುರು 6.60. ಮೂಲೆ ಹೆಚ್ಚುಕಡಿಮೆ ಒಂದೇ, ಮೇಲೆ ಅರ್ಧ ಮೀಟರ್ ಕಡಿಮೆ. ಆ ಅರ್ಧ ಮೀಟರ್ ಸಹಾಯಕ್ಕೆ ಬರುವ ಡಿಫೆಂಡರ್‌ಗೆ ಉಳಿಯುವ ಅರ್ಧ ಹೆಜ್ಜೆ. 2010ಕ್ಕಿಂತ ಹಿಂದೆ ಬಣ್ಣ ಬಳಿದ ಸಿಮೆಂಟ್ ಗ್ರೌಂಡ್ ಆಗಿದ್ದರೆ ಗೆರೆ ಇನ್ನೂ ಹಳೆಯ 6.25ರಲ್ಲೇ ಇದ್ದೀತು. ರಿಂಗಿನ ನಡುವಿನಿಂದ ಗುಂಡು ಇಳಿಬಿಟ್ಟು, ಅಲ್ಲಿಂದ ಟೇಪ್ ಹಿಡಿದು 6.75ಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹಳೆಯ ಗೆರೆಯ ಮೇಲೆ ಕಲಿತ ಹುಡುಗ ಪಂದ್ಯದಲ್ಲಿ ಕಾಲು ಗೆರೆ ಮೇಲಿಟ್ಟು ಎರಡೇ ಅಂಕ ಪಡೆಯುತ್ತಾನೆ. ಮೂಲೆಯಲ್ಲಿ ಸೈಡ್ ಲೈನಿಗೂ ತ್ರೀ ಗೆರೆಗೂ ನಡುವೆ ಇರುವುದು 90 ಸೆಂಟಿಮೀಟರ್ ಪಟ್ಟಿ. ಪಾಸ್ ಬರುವ ಮೊದಲೇ ಎರಡೂ ಪಾದ ಆ ಪಟ್ಟಿಯೊಳಗೆ ನೆಟ್ಟಿರಬೇಕು. ಚೆಂಡು ಬಂದ ಮೇಲೆ ಹಿಂದೆ ಸರಿದರೆ ಔಟ್.

ಮೂರನೆಯದು ಝೋನ್, ಅಂದರೆ ಆಟಗಾರನನ್ನಲ್ಲ, ಜಾಗವನ್ನು ಕಾಯುವ ಡಿಫೆನ್ಸ್. ನಮ್ಮಲ್ಲಿ ಎತ್ತರದವನನ್ನು ಕಂಡ ಕೂಡಲೆ ಎದುರಾಳಿ 2–3 ಝೋನ್ ಹಾಕುತ್ತಾನೆ. ಮೇಲಿನ ಇಬ್ಬರಿಗೂ ಕೆಳಗಿನ ಮೂವರಿಗೂ ನಡುವಿನ ತೂತು ಎಲ್ಲಿದೆ? ಮೊಳೆಯ ಮೇಲೇ. ಎಂಬೀಡ್ ನಿಂತ ಜಾಗ ನಮ್ಮ ಹುಡುಗನಿಗೂ ಸರಿಯಾದ ಜಾಗ. ಆದರೆ ಅವನು ಅಲ್ಲಿಂದ ಶೂಟ್ ಕಲಿಯದಿದ್ದರೆ ತೂತು ತೂತಾಗಿಯೇ ಉಳಿಯುತ್ತದೆ. ದಿನಕ್ಕೆ ಮೊಳೆಯಿಂದ ನೂರು ಶೂಟ್, ಅದರಲ್ಲಿ ಐವತ್ತು ಬೌನ್ಸ್ ಪಾಸ್ ಹಿಡಿದು ತಿರುಗಿ. ನೂರಕ್ಕೆ 45 ಬಿದ್ದರೆ ಶೂಟ್‌ಗೆ 0.9 ಅಂಕ. ಮೂಲೆಯವನು ತ್ರೀಯಲ್ಲಿ ನೂರಕ್ಕೆ ಬರೀ 30 ಹಾಕಿದರೂ ಅದೇ 0.9. ಈ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ತೋರಿಸಿದರೆ ಮೂಲೆಯ ಹುಡುಗನ ಹಿಂಜರಿಕೆ ಅರ್ಧ ಇಳಿಯುತ್ತದೆ.

ಹಿಂಜರಿಕೆಯೇ ನಿಜವಾದ ಕಾಯಿಲೆ. ಸಂಜೆಯ ಪ್ರಾಕ್ಟೀಸಿನಲ್ಲಿ ಈ ಮಾತುಕತೆ ಕೇಳಿರದ ಗ್ರೌಂಡಿಲ್ಲ:

"ಸರ್, ನಾ ಖಾಲಿ ನಿಂತಿದ್ದೆ, ಅಂವಾ ಪಾಸ್ ಕೊಡಲೇ ಇಲ್ರಿ."

"ಹಿಂದಿನ ಸಲ ಕೊಟ್ಟಿದ್ನಲ್ಲೋ. ಹಿಡದು ಎರಡು ಸಲ ಬಡದಿ, ಮತ್ತ ಅವಂಗ ತಿರುಗಿ ಕೊಟ್ಟಿ."

"ಮುಂದ ಡಿಫೆಂಡರ್ ಬಂದಿದ್ದ ಸರ್."

"ನೀ ಬಡಕೋತ ನಿಂತಾಗ ಬಂದ."

ರಿಂಗ್ ಹತ್ತಿರದಿಂದ ಮೂಲೆಗೆ ಡಿಫೆಂಡರ್ ಮರಳಲು ಐದಾರು ಮೀಟರ್. ಸುಮಾರು ಒಂದೂವರೆ ಸೆಕೆಂಡು. ಒಂದು ಡ್ರಿಬಲ್ ಹಾಕಿದರೆ ಆ ಸಮಯ ಮುಗಿಯಿತು. ಮೂಲೆಯವನಿಗೆ ಡ್ರಿಬಲ್ಲೇ ಇಲ್ಲ ಎಂದು ಒಂದು ವಾರ ನಿಯಮ ಮಾಡಿ: ಎಸೆ, ಇಲ್ಲವೇ ತಕ್ಷಣ ಪಾಸ್.

ಪಾಸಿನ ಬಗ್ಗೆ ಒಂದು ಮಾತು. ಜೇಬಿನ ಬೌನ್ಸ್ ಪಾಸ್ ಮರದ ನೆಲಕ್ಕೆ ಹುಟ್ಟಿದ್ದು. ಬೇಸಿಗೆಯ ಬಾಗಲಕೋಟೆ, ವಿಜಯಪುರದ ಧೂಳು ಕೂತ ಸಿಮೆಂಟಿನ ಮೇಲೆ, ಅಥವಾ ಜೂನ್ ನಂತರದ ಬೆಳಗಾವಿಯ ಒದ್ದೆ ಗ್ರೌಂಡಿನ ಮೇಲೆ, ಸವೆದ ರಬ್ಬರ್ ಚೆಂಡು ಪುಟಿಯದೆ ಜಾರಿ ಎತ್ತರದ ಹುಡುಗನ ಮೊಣಕಾಲಿಗೆ ಬಡಿಯುತ್ತದೆ. ದೂರದ ಮೂರರಲ್ಲಿ ಎರಡು ಪಾಲಿಗೆ ಬಡಿಸುವ ಪಾಠ ಇಲ್ಲಿ ನಡೆಯುವುದಿಲ್ಲ. ಅರ್ಧಕ್ಕೇ ಬಡಿಸಿದರೆ ಮೇಲೇಳಲು ಸಮಯ ಸಿಗುತ್ತದೆ. ಆಟಕ್ಕೆ ಮೊದಲು ಮೊಳೆಯಿಂದ ಮೇಲಿನ ಗೆರೆವರೆಗೆ ಕಸಬರಿಗೆ ಹೊಡೆಸಿ. ಸಣ್ಣ ಕೆಲಸ, ಯಾರೂ ಮಾಡುವುದಿಲ್ಲ.

ಸ್ಕ್ರೀನಿನಲ್ಲಿ ಕೆಡುವುದು ಸೆಂಟರ್‌ನ ಕಾಲು. ಗಾರ್ಡ್ ಅವಸರದಲ್ಲಿ ಸ್ಕ್ರೀನ್ ಕೂಡುವ ಮೊದಲೇ ಹೊರಡುತ್ತಾನೆ, ಸೆಂಟರ್ ಸೊಂಟ ಚಾಚುತ್ತಾನೆ, ವಿಸಿಲ್. ನಮ್ಮಲ್ಲಿ ಐದು ಫೌಲ್‌ಗೆ ಹೊರಗೆ, ಎನ್‌ಬಿಎಯಂತೆ ಆರು ಇಲ್ಲ. ಇಂಥ ಎರಡು ಫೌಲ್ ಮೊದಲ ಕ್ವಾರ್ಟರಿನಲ್ಲೇ ಬಿದ್ದರೆ ನಿಮ್ಮ ಜೋಡಿಯ ಅರ್ಧ ಬೆಂಚಿನ ಮೇಲೆ. ತಪ್ಪು ಗಾರ್ಡ್‌ನದು, ಲೆಕ್ಕ ಸೆಂಟರ್‌ನದು. ಸೆಂಟರ್ ಪಾದ ಊರಿ "ಹ್ಞೂಂ" ಅನ್ನುವವರೆಗೆ ಗಾರ್ಡ್ ಕದಲಬಾರದು ಎಂದು ಅಭ್ಯಾಸ ಮಾಡಿಸಿ.

ಶಾಟ್ ಕ್ಲಾಕ್ (ಪ್ರತಿ ಸರದಿಯಲ್ಲಿ ಶೂಟ್ ಮಾಡಲು ಇರುವ ಸಮಯ ಎಣಿಸುವ ಗಡಿಯಾರ) ಇಲ್ಲದೆ ನಡೆಯುವ ಪಂದ್ಯಗಳಲ್ಲಿ ಗಾರ್ಡ್ ಚೆಂಡನ್ನು ಎಷ್ಟು ಹೊತ್ತು ಹಿಡಿದ ಎಂದು ಯಾರಿಗೂ ತಿಳಿಯುವುದಿಲ್ಲ. ಬೆಂಚಿನಲ್ಲಿ ಕುಳಿತ ಒಬ್ಬನಿಗೆ ನೋಟ್‌ಬುಕ್ ಕೊಡಿ. ಪ್ರತಿ ಪೊಸೆಷನ್‌ಗೆ ಒಂದು ಸಾಲು: ಗಾರ್ಡ್ ಎಷ್ಟು ಎಣಿಕೆ ಹಿಡಿದ, ಸೆಂಟರ್ ಎಲ್ಲಿ ಹಿಡಿದ, ಮೊಳೆಯೋ ಕೆಳಗೋ, ಎದುರಾಳಿ ಯಾರನ್ನು ಬಿಟ್ಟ, ಅವನ ಜರ್ಸಿ ನಂಬರ್. ನಲವತ್ತು ಸಾಲು ಆದಮೇಲೆ ಮೂರನೇ ಕಾಲಮ್ ಮೊದಲು ಓದಿ. ಒಂದೇ ನಂಬರ್ ಮತ್ತೆಮತ್ತೆ ಬಂದಿದ್ದರೆ ನಿಮ್ಮ ಟಕರ್ ಸಿಕ್ಕ.

ಅವನನ್ನು ಕೂರಿಸುವುದೇ ದಾರಿಯಲ್ಲ. ಡಿಫೆನ್ಸಿಗೆ ಅವನೇ ಬೇಕಾಗಿರಬಹುದು, ಫಿಲಡೆಲ್ಫಿಯಾಕ್ಕೂ ಬೇಕಾಗಿದ್ದ. ಮೂಲೆಯಿಂದ ಎಬ್ಬಿಸಿ ಅವನ ಕೈಯಲ್ಲೇ ಗಾರ್ಡ್‌ಗೆ ಸ್ಕ್ರೀನ್ ಹಾಕಿಸಿ. ಅವನ ಕಾವಲುಗಾರ ರಿಂಗ್ ಕೆಳಗೆ ಬಿಡಾರ ಹೂಡಿದ್ದಾನಲ್ಲ, ಗಾರ್ಡ್ ಸ್ಕ್ರೀನ್ ದಾಟಿದ ಮೇಲೆ ಎದುರಿಗೆ ಬರಲು ಯಾರೂ ಇಲ್ಲ. ಅಲ್ಲಿಂದಲೇ ತ್ರೀ ಎಸೆಯಬಹುದು. ಕಾವಲುಗಾರ ಅನಿವಾರ್ಯವಾಗಿ ಮೇಲೆ ಬಂದನೆಂದರೆ ರಿಂಗ್ ಮುಂದೆ ಖಾಲಿ. ಸ್ಕ್ರೀನ್ ಹಾಕಿದವನು ಮೊಳೆಗೆ ಇಳಿದು ಪಾಸ್ ಹಿಡಿಯಲಿ, ಶೂಟ್ ಬೇಡ. ಒಂದೇ ಹೆಜ್ಜೆಗೆ ರಿಂಗ್ ಪಕ್ಕ ನಿಂತ ಸೆಂಟರ್‌ಗೆ ಎತ್ತಿ ಕೊಡಲಿ. ಖಾಲಿಯಾದ ಮೂಲೆಗೆ ನಿಮ್ಮ ಟೀಮಿನ ಅತ್ಯಂತ ಒಳ್ಳೆಯ ಶೂಟರ್ ಹೋಗಲಿ. ಅವನು ಮೇಲೆ ಡ್ರಿಬಲ್ ಮಾಡುತ್ತ ನಿಲ್ಲುತ್ತೇನೆ ಎಂದರೆ, ನಾಲ್ಕನೇ ಪಂದ್ಯದ ಕೊನೆಯ ಹೊತ್ತಿನಲ್ಲಿ ಹಾರ್ಡನ್ ನಿಂತಿದ್ದು ಎಲ್ಲಿ ಎಂದು ಒಮ್ಮೆ ವಿಡಿಯೋ ಹಾಕಿ ತೋರಿಸಿ.